ಹಳೆಯ ಸ್ಟಿಕ್ಕಿಗೆ ಹೊಸ ರಿಮೋಟ್: ಮೂಗಿಗಿಂತ ಮೂಗುತಿ ಭಾರವಾಗದ ಹಾಗೆ

ಸಾಗರದ ನಮ್ಮ ಮನೆಯ ಟಿವಿಯ ಬೆನ್ನಿಗೆ 2017ರಲ್ಲಿ ಕೊಂಡ ಫೈರ್ ಟಿವಿ ಸ್ಟಿಕ್ ಒಂದು, ಅಂದರೆ ಟಿವಿಗೆ ಚುಚ್ಚಿ ಇಂಟರ್ನೆಟ್ಟಿನಿಂದ ಸಿನಿಮಾ, ಧಾರಾವಾಹಿ ನೋಡುವ ಅಮೆಜಾನ್ ಕಂಪನಿಯ ಪುಟ್ಟ ಸಾಧನ, ಇನ್ನೂ ನೇತಾಡುತ್ತಿದೆ. ಕಳೆದ ಮಳೆಗಾಲದಲ್ಲಿ ಅಪ್ಪನ ಕಾಫಿ ಲೋಟ ಮಗುಚಿ ಅದರ ರಿಮೋಟ್ ತೊಯ್ದು ಹೋಯಿತು. ನಾನು ಬೆಂಗಳೂರಿನಲ್ಲಿ ಕುಳಿತು, ಹತ್ತೇ ನಿಮಿಷದಲ್ಲಿ, ನೋಡಲು ಥೇಟ್ ಹಾಗೆಯೇ ಇದ್ದ ಕಪ್ಪು ರಿಮೋಟ್ ಒಂದನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಿ ಊರಿಗೆ ಕಳಿಸಿದೆ. ನಾಲ್ಕು ದಿನಗಳ ನಂತರ ಅಪ್ಪ ಫೋನ್ ಮಾಡಿದರು. ಹೊಸ ರಿಮೋಟ್ ಒತ್ತಿದರೆ ಟಿವಿ ಹೊತ್ತಿಕೊಳ್ಳುತ್ತದೆ, ಸದ್ದು ಏರುತ್ತದೆ, ಇಳಿಯುತ್ತದೆ. ಸ್ಟಿಕ್ ಮಾತ್ರ ಮಿಸುಕುವುದಿಲ್ಲ. ನಾನು ಕೊಂಡದ್ದು ಆಕಾರವನ್ನು ನೋಡಿ, ಅದು ಮಾತನಾಡುವ ಭಾಷೆಯನ್ನು ನೋಡಿ ಅಲ್ಲ. ಬದಲಿ ರಿಮೋಟ್ ಹುಡುಕುವವರಲ್ಲಿ ಹೆಚ್ಚಿನವರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಆದ್ದರಿಂದ ಯಾವುದು ಅಗ್ಗ, ಯಾವುದು ಚೆಂದ ಎನ್ನುವುದಕ್ಕೆ ಮೊದಲು ಈ ಭಾಷೆಯ ವಿಷಯ.

ಬೆಳಕೋ, ರೇಡಿಯೊ ತರಂಗವೋ?

ರಿಮೋಟ್‌ಗಳಲ್ಲಿ ಮುಖ್ಯವಾಗಿ ಎರಡು ಕುಲ. ಒಂದು, ಅತಿಗೆಂಪು ಕಿರಣದಿಂದ ಕೆಲಸ ಮಾಡುವುದು. ಅಂಗಡಿಯವರು ಇದನ್ನು ಐಆರ್ ಎನ್ನುತ್ತಾರೆ. ಹಳೆಯ ಟಿವಿಯ ರಿಮೋಟ್ ಈ ಕುಲದ್ದು. ಎದುರಿಗೆ ಹಿಡಿಯಬೇಕು, ನಡುವೆ ಯಾರಾದರೂ ನಿಂತರೆ ಸಂದೇಶ ಅಲ್ಲೇ ಸತ್ತುಹೋಗುತ್ತದೆ. ಇನ್ನೊಂದು ರೇಡಿಯೊ ತರಂಗದ್ದು, ಅಂದರೆ ಬ್ಲೂಟೂತ್ ಅಥವಾ ವೈಫೈ ಡೈರೆಕ್ಟ್. ಇದನ್ನು ಟಿವಿಯತ್ತ ಹಿಡಿಯಬೇಕಾಗಿಲ್ಲ, ಕಂಬಳಿಯೊಳಗಿಂದ ಒತ್ತಿದರೂ ನಡೆಯುತ್ತದೆ. ಆದರೆ ಮೊದಲೊಮ್ಮೆ ಸಾಧನಕ್ಕೂ ರಿಮೋಟಿಗೂ ಜೋಡಣೆ ಆಗಲೇಬೇಕು.

ಟಿವಿಯ ಹಿಂದೆ ಅಡಗಿ ಕೂರುವ ಫೈರ್ ಟಿವಿ ಸ್ಟಿಕ್‌ಗೆ ಅತಿಗೆಂಪು ಬೆಳಕನ್ನು ನೋಡುವ ಕಣ್ಣೇ ಇಲ್ಲ. ಅದಕ್ಕೆ ಬ್ಲೂಟೂತ್ ರಿಮೋಟೇ ಬೇಕು. ಗೊಂದಲ ಹುಟ್ಟುವುದು ಏಕೆಂದರೆ, ಅದರ ಈಚಿನ ರಿಮೋಟ್‌ಗಳಲ್ಲಿ ಎರಡೂ ಇವೆ: ಬಾಣದ ಗುಂಡಿಗಳು ಬ್ಲೂಟೂತ್ ಮೂಲಕ ಸ್ಟಿಕ್‌ನೊಂದಿಗೆ ಮಾತನಾಡಿದರೆ, ಪವರ್ ಮತ್ತು ಸದ್ದಿನ ಗುಂಡಿಗಳು ಬೆಳಕಿನ ಮೂಲಕ ನೇರವಾಗಿ ಟಿವಿಯೊಂದಿಗೆ ಮಾತನಾಡುತ್ತವೆ. ನಾನು ಕೊಂಡ ನಕಲಿನಲ್ಲಿ ಇದ್ದದ್ದು ಈ ಎರಡನೆಯ ಅರ್ಧ ಮಾತ್ರ.

ನಿಮ್ಮ ರಿಮೋಟ್ ಯಾವ ಕುಲದ್ದೆಂದು ತಿಳಿಯಲು ಮೊಬೈಲ್ ಸಾಕು. ಮುಂಭಾಗದ, ಅಂದರೆ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿ. ಐಆರ್ ಇದ್ದರೆ ಪರದೆಯ ಮೇಲೆ ನೇರಳೆ ಛಾಯೆಯ ಬಿಳಿ ಚುಕ್ಕೆಯೊಂದು ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಸೋಸುಪದರ ಇರುವುದುಂಟು, ಆದ್ದರಿಂದ ಮುಂದಿನದ್ದೇ ಒಳ್ಳೆಯದು. ಬ್ಲೂಟೂತ್ ಗುಂಡಿ ಒತ್ತಿದರೆ ಏನೂ ಕಾಣದು. ಅದನ್ನು ನೋಡಿ ರಿಮೋಟ್ ಸತ್ತಿದೆ ಎಂದು ತೀರ್ಮಾನಿಸಬೇಡಿ.

ನಿಜವಾಗಿಯೂ ಸತ್ತಿದೆಯೇ?

ಹೊಸದಕ್ಕೆ ದುಡ್ಡು ಕೊಡುವ ಮೊದಲು ಹತ್ತು ನಿಮಿಷ ಹಳೆಯದಕ್ಕೆ ಕೊಡಿ. ಸೆಲ್ ಇಡುವ ಗೂಡಿನ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ಸೋರಿದ ಸೆಲ್‌ನ ಕೆಲಸ. ಆಲ್ಕಲೈನ್ ಸೆಲ್ ಸೋರಿದ್ದರೆ ಹತ್ತಿಯ ತುದಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ. ನಂತರ ಎರಡೂ ಸೆಲ್‌ಗಳನ್ನು ಹೊಸದಾಗಿ ಹಾಕಿ. ಗೋಡೆ ಗಡಿಯಾರದಿಂದ ಕಳಚಿದ ಒಂದು, ಡ್ರಾಯರಿನಲ್ಲಿ ಸಿಕ್ಕಿದ ಇನ್ನೊಂದು ಎಂಬ ನಮ್ಮೆಲ್ಲರ ಮನೆಯ ಪದ್ಧತಿ ಇಲ್ಲಿ ಬೇಡ.

ಫೈರ್ ಟಿವಿಯ ರಿಮೋಟ್ ಆದರೆ ಹೋಮ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಜೋಡಣೆಗೆ ಸಿದ್ಧವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ದೊಡ್ಡ ಮದ್ದು: ಸ್ಟಿಕ್‌ನ ವಿದ್ಯುತ್ ತಂತಿ ಕಿತ್ತು ಒಂದು ನಿಮಿಷ ಬಿಡಿ. ರಿಮೋಟಿನ ಎಡ ಬಾಣ, ಮೆನು (ಮೂರು ಗೆರೆ) ಮತ್ತು ಹಿಂದಕ್ಕೆ ಹೋಗುವ ಗುಂಡಿ, ಈ ಮೂರನ್ನೂ ಒಟ್ಟಿಗೆ 12 ಸೆಕೆಂಡ್ ಒತ್ತಿ ಹಿಡಿಯಿರಿ. ಕೈಬಿಟ್ಟು ಐದು ಸೆಕೆಂಡ್ ಕಾದು ಸೆಲ್ ತೆಗೆಯಿರಿ. ಸ್ಟಿಕ್‌ಗೆ ಮತ್ತೆ ವಿದ್ಯುತ್ ಕೊಟ್ಟು ಒಂದು ನಿಮಿಷ ಕಾಯಿರಿ, ಸೆಲ್ ಹಾಕಿ ಹೋಮ್ ಒತ್ತಿ. ಕಾಫಿ ಕುಡಿದ ರಿಮೋಟಿಗೆ ಈ ಮದ್ದು ತಾಗಲಿಲ್ಲ, ಆದರೆ ಅಕ್ಕನ ಮನೆಯಲ್ಲಿ ಒಂದು ವರ್ಷದಿಂದ ಡ್ರಾಯರಿನಲ್ಲಿ ‘ಹಾಳಾಗಿ’ ಮಲಗಿದ್ದ ರಿಮೋಟ್ ಇದರಿಂದಲೇ ಎದ್ದು ಕುಳಿತಿತು.

ಕಂಪನಿಯದೋ, ನಕಲೋ?

ಈಗ ಅಸಲು ಆಯ್ಕೆ. ಫೈರ್ ಟಿವಿ ಸ್ಟಿಕ್ ಭಾರತಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ, 3,999 ರೂಪಾಯಿಗೆ. ಜಾಗತಿಕ ಲೆಕ್ಕದಲ್ಲಿ ಅದು ಎರಡನೆಯ ತಲೆಮಾರು. 2014ರ ಮೊದಲ ತಲೆಮಾರಿನ ಸ್ಟಿಕ್ ನಿಮ್ಮ ಮನೆಯಲ್ಲಿದ್ದರೆ ಅದು ಅಮೆರಿಕದಿಂದ ಯಾರದೋ ಸೂಟ್‌ಕೇಸಿನಲ್ಲಿ, ಬಾದಾಮಿ ಮತ್ತು ಚಾಕೊಲೇಟ್ ಜೊತೆಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಈ ವ್ಯತ್ಯಾಸ ಮುಖ್ಯ. 2018ರಲ್ಲಿ 4ಕೆ (ಹೆಚ್ಚು ಸ್ಪಷ್ಟ ಚಿತ್ರದ) ಸ್ಟಿಕ್ ಜೊತೆ ಬಂದ ಎರಡನೆಯ ತಲೆಮಾರಿನ ಅಲೆಕ್ಸಾ ರಿಮೋಟ್ (ಮಾತಿನಲ್ಲೇ ಆಜ್ಞೆ ಕೊಡಬಹುದಾದದ್ದು) ಎರಡನೆಯ ತಲೆಮಾರಿನ ಸ್ಟಿಕ್‌ಗೂ ಜೋಡಣೆಯಾಗುತ್ತದೆ, ಮೊದಲನೆಯದಕ್ಕೆ ಆಗುವುದಿಲ್ಲ. ಹಳೆಯ ಚೌಕದ ಫೈರ್ ಟಿವಿ ಡಬ್ಬಿಗಳಿಗೂ ಇಲ್ಲ, ಫೈರ್ ಟಿವಿ ಒಳಗೇ ಅಡಕವಾಗಿರುವ ಟಿವಿಗಳಿಗೂ ಇಲ್ಲ. ಯಾವುದೆಂಬ ಅನುಮಾನವಿದ್ದರೆ ಸ್ಟಿಕ್‌ನ ಮೈಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಮಾದರಿ ಸಂಖ್ಯೆ ಓದಿ: ಎಲ್‌ವೈ73ಪಿಆರ್ ಎಂದಿದ್ದರೆ ಎರಡನೆಯ ತಲೆಮಾರು, ಇ9ಎಲ್29ವೈ ಎಂದಿದ್ದರೆ 2018ರ 4ಕೆ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ.

ಕಂಪನಿಯದೇ ರಿಮೋಟ್ ಕೊಳ್ಳುವುದರಲ್ಲಿ ಹೆಚ್ಚಿನವರು ಗಮನಿಸದ ಒಂದು ಲಾಭವಿದೆ. 2017ರ ಸ್ಟಿಕ್ ಜೊತೆ ಬಂದ ಮೂಲ ರಿಮೋಟಿನಲ್ಲಿ ಸದ್ದಿನ ಗುಂಡಿಯೂ ಇರಲಿಲ್ಲ, ಟಿವಿ ಆರಿಸುವ ಗುಂಡಿಯೂ ಇರಲಿಲ್ಲ. ಅದಕ್ಕಾಗಿ ಟಿವಿಯ ರಿಮೋಟನ್ನೂ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕಿತ್ತು. ಆಮೇಲಿನ ರಿಮೋಟ್‌ಗಳಲ್ಲಿ ಅವೆರಡೂ ಇವೆ. ಅಂದರೆ ಕಳೆದದ್ದಕ್ಕಿಂತ ಒಳ್ಳೆಯದೇ ಕೈಗೆ ಬರುತ್ತದೆ. ಜೋಡಣೆಯಾದ ಮೇಲೆ ಸೆಟ್ಟಿಂಗ್ಸ್ ಒಳಗಿನ ಇಕ್ವಿಪ್‌ಮೆಂಟ್ ಕಂಟ್ರೋಲ್‌ಗೆ ಹೋಗಿ ನಿಮ್ಮ ಟಿವಿ ಯಾವ ಕಂಪನಿಯದೆಂದು ಹೇಳಿಕೊಡಬೇಕು, ಅಷ್ಟೇ. ಇದನ್ನು ಮಾಡದೆ ಸದ್ದಿನ ಗುಂಡಿ ಕೆಲಸ ಮಾಡುವುದಿಲ್ಲವೆಂದು ರಿಮೋಟನ್ನು ವಾಪಸ್ ಕಳಿಸಿದವರನ್ನು ನಾನು ಬಲ್ಲೆ.

ನಕಲು ರಿಮೋಟ್‌ಗಳನ್ನು ಸಾರಾಸಗಟಾಗಿ ಬೈಯಲು ನನಗೆ ಮನಸ್ಸಿಲ್ಲ. ಕೆಲವು ನೂರು ರೂಪಾಯಿಯಲ್ಲಿ ಕೆಲಸ ಸಾಗಿಸುವ, ಬ್ಲೂಟೂತೂ ಧ್ವನಿ ಆಜ್ಞೆಯೂ ಇರುವ ನಕಲುಗಳು ಇವೆ. ಆದರೆ ಆನ್‌ಲೈನ್ ವಿವರಣೆಯನ್ನು ಕೋರ್ಟ್ ಕಾಗದದಂತೆ ಓದಬೇಕು. ‘ಜೋಡಣೆಯ ಅಗತ್ಯವೇ ಇಲ್ಲ, ಸೆಲ್ ಹಾಕಿದರೆ ಸಾಕು’ ಎಂಬ ಸಾಲು ಟಿವಿ ರಿಮೋಟಿನ ವಿಷಯದಲ್ಲಿ ವರ, ಸ್ಟಿಕ್‌ನ ವಿಷಯದಲ್ಲಿ ಶಾಪ. ಅದು ಬರಿಯ ಐಆರ್ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ‘ಧ್ವನಿ ಇಲ್ಲ’ ಎಂದು ಬರೆದಿದ್ದರೆ ಮೈಕ್ ಚಿತ್ರದ ಗುಂಡಿ ಅಲಂಕಾರಕ್ಕೆ ಮಾತ್ರ. ಮಾದರಿ ಸಂಖ್ಯೆಯನ್ನು ಹೆಸರಿಸಿ, ಯಾವ ಯಾವ ತಲೆಮಾರಿಗೆ ಆಗುತ್ತದೆ, ಯಾವುದಕ್ಕೆ ಆಗದು ಎಂದು ಎರಡನ್ನೂ ಬರೆದಿರುವ ಮಾರಾಟಗಾರನನ್ನು ನಂಬಬಹುದು. ಎಲ್ಲದಕ್ಕೂ ಆಗುತ್ತದೆ ಎನ್ನುವವನನ್ನು ಅಲ್ಲ. ಎರಡನೆಯ ತಲೆಮಾರಿನ ಅಲೆಕ್ಸಾ ರಿಮೋಟಿನ ಸಂಖ್ಯೆ ಎಲ್5ಬಿ83ಎಚ್. ನಕಲು ಮಾರುವವರೂ ಈ ಸಂಖ್ಯೆಯನ್ನೇ ಹಾಕುತ್ತಾರೆ, ಆದ್ದರಿಂದ ಹುಡುಕುವಾಗ ಇದು ನೆರವಾಗುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಎಸ್‌ಪಿ ರಸ್ತೆ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರಿಮೋಟ್‌ಗಳನ್ನು ಗೋಡೆ ತುಂಬ ತೂಗುಹಾಕಿದ ಅಂಗಡಿಗಳಲ್ಲಿ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸಿನ ಐಆರ್ ರಿಮೋಟಿಗೆ ಬರ ಇಲ್ಲ. ಅದಕ್ಕೆ ಸತ್ತ ರಿಮೋಟನ್ನೇ ಕೊಂಡೊಯ್ದು ತೋರಿಸಿದರೆ ಸಾಕು. ಬ್ಲೂಟೂತ್ ರಿಮೋಟ್ ಬೇಕಿದ್ದರೆ ಸ್ಟಿಕ್ಕನ್ನೂ ಅದರ ಅಡಾಪ್ಟರನ್ನೂ ಜೇಬಿಗೆ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಯಾವುದಾದರೂ ಟಿವಿಗೆ ಚುಚ್ಚಿ ಜೋಡಿಸಿ ತೋರಿಸಿದರೆ ಮಾತ್ರ ಹಣ ಕೊಡುತ್ತೇನೆ ಎನ್ನಿ. ಆನ್‌ಲೈನಿನಲ್ಲಿ ಸಿಗದ ಸೌಲಭ್ಯ ಇದೊಂದೇ, ಇದನ್ನು ಬಿಟ್ಟರೆ ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ದಂಡ.

ದುಡ್ಡು ಬೇಡದ ದಾರಿಗಳು

ಕೊಳ್ಳದೆಯೂ ನಡೆಯುತ್ತದೆಯೇ? ಬಹಳಷ್ಟು ಮನೆಗಳಲ್ಲಿ ನಡೆಯುತ್ತದೆ. ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆಯಿತು.

ಟಿವಿಗೂ ಅದಕ್ಕೆ ಚುಚ್ಚಿದ ಸಾಧನಕ್ಕೂ ಎಚ್‌ಡಿಎಂಐ ಕೇಬಲ್ಲಿನ ಮೂಲಕವೇ ಗುಂಡಿಯ ಸಂದೇಶ ದಾಟಿಸುವ ಏರ್ಪಾಡೊಂದಿದೆ, ಸಿಇಸಿ ಎಂದು ಹೆಸರು. ಇದು ಚಾಲೂ ಇದ್ದರೆ ಟಿವಿಯ ಸ್ವಂತ ರಿಮೋಟಿನ ಬಾಣದ ಗುಂಡಿಗಳೇ ಸ್ಟಿಕ್ಕನ್ನು ನಡೆಸುತ್ತವೆ. ತೊಂದರೆ ಎಂದರೆ ಪ್ರತಿ ಕಂಪನಿಯೂ ಒಂದೊಂದು ನಾಮಕರಣ ಮಾಡಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್, ಫಿಲಿಪ್ಸ್‌ನಲ್ಲಿ ಈಸಿಲಿಂಕ್. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿ. ಇದನ್ನು ಫೋನಿನಲ್ಲಿ ಹೇಳಿಕೊಟ್ಟು ಮುಗಿಸಿದಾಗ ಅಮ್ಮ ಅಂದದ್ದು: “ಟಿವಿ ರಿಮೋಟಿನಲ್ಲೇ ಆಗುತ್ತದೆ ಎಂದಾದರೆ ಇಷ್ಟು ವರ್ಷ ಎರಡೆರಡು ರಿಮೋಟ್ ಯಾಕೆ ಹುಡುಕಿಸಿದೆ ಮಾರಾಯ?” ನನ್ನಲ್ಲಿ ಉತ್ತರವಿರಲಿಲ್ಲ. ಕೊರತೆ ಇಲ್ಲವೆಂದಲ್ಲ. ಮೂರು ಗೆರೆಯ ಮೆನು ಗುಂಡಿಗೆ ಸಮನಾದದ್ದು ಟಿವಿ ರಿಮೋಟಿನಲ್ಲಿ ಸಿಗದೆ ಹೋಗಬಹುದು, ಧ್ವನಿಯಲ್ಲಿ ಹುಡುಕುವುದಂತೂ ಇಲ್ಲ. ಹೆಸರನ್ನು ಒಂದೊಂದೇ ಅಕ್ಷರ ಆರಿಸಿ ಟೈಪ್ ಮಾಡುವುದು ಅಪ್ಪನ ತಾಳ್ಮೆಯನ್ನು ಮೀರಿದ ಕೆಲಸ. ದಿನವೂ ಅದೇ ನಾಲ್ಕು ಧಾರಾವಾಹಿ ನೋಡುವವರಿಗೆ ಮಾತ್ರ ಇದು ಬೇಕಾದಷ್ಟಾಯಿತು.

ಎರಡನೆಯ ಪುಕ್ಕಟೆ ದಾರಿ ಮೊಬೈಲಿನ ಆ್ಯಪ್. ಫೈರ್ ಟಿವಿಗೆ ಅದರದೇ ಆ್ಯಪ್ ಇದೆ, ಆಂಡ್ರಾಯ್ಡ್ ಟಿವಿ ಮತ್ತು ಗೂಗಲ್ ಟಿವಿ ಸಾಧನಗಳಿಗೆ ಗೂಗಲ್ ಟಿವಿ ಆ್ಯಪ್, ಐಫೋನ್‌ನಲ್ಲಾದರೆ ಆ್ಯಪಲ್ ಟಿವಿ ಡಬ್ಬಿಯ ರಿಮೋಟ್ ‘ಕಂಟ್ರೋಲ್ ಸೆಂಟರ್’ ಎಂಬಲ್ಲೇ ಸಿಗುತ್ತದೆ. ಟೈಪ್ ಮಾಡಲು ಇದಕ್ಕಿಂತ ಸುಖ ಇನ್ನೊಂದಿಲ್ಲ. ಆದರೆ ಮೊಬೈಲೂ ಸ್ಟಿಕ್ಕೂ ಒಂದೇ ವೈಫೈನಲ್ಲಿರಬೇಕು, ಮತ್ತು ಇಲ್ಲೊಂದು ಹೊಂಡವಿದೆ. ಮನೆ ಬದಲಾಯಿಸಿದಿರಿ, ಅಥವಾ ಇಂಟರ್ನೆಟ್ ಕಂಪನಿ ಹೊಸ ರೂಟರ್ ಹಾಕಿತು ಎನ್ನಿ. ಸ್ಟಿಕ್ ಹಳೆಯ ವೈಫೈ ಹೆಸರನ್ನೇ ಹುಡುಕುತ್ತಿರುತ್ತದೆ. ಹೊಸದಕ್ಕೆ ಸೇರಿಸಲು ರಿಮೋಟ್ ಬೇಕು, ರಿಮೋಟ್ ಇಲ್ಲ, ಆ್ಯಪ್ ನಡೆಯಬೇಕಾದರೆ ವೈಫೈ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಈ ಪರಿಸ್ಥಿತಿಗೆಂದೇ ಹುಟ್ಟಿದ ಹಾಗಿದೆ.

ಬಿಡಿಸಿಕೊಳ್ಳುವ ಉಪಾಯ ಇದು. ಎರಡು ಮೊಬೈಲ್ ಬೇಕು. ಒಂದರಲ್ಲಿ ಹಾಟ್‌ಸ್ಪಾಟ್ ತೆರೆದು ಅದಕ್ಕೆ ಹಳೆಯ ವೈಫೈನ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಕೊಡಿ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ಹೊಂದಬೇಕು. ಸ್ಟಿಕ್ ಮೋಸಹೋಗಿ, ಹಳೆಯ ಮನೆಯೇ ಸಿಕ್ಕಿತೆಂದು ಅದಕ್ಕೆ ಸೇರಿಕೊಳ್ಳುತ್ತದೆ. ಎರಡನೆಯ ಮೊಬೈಲನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ಆ್ಯಪ್ ತೆರೆಯಿರಿ. ಟಿವಿಯ ಮೇಲೆ ಮೂಡುವ ಸಂಖ್ಯೆಯನ್ನು ಮೊಬೈಲಿನಲ್ಲಿ ಒತ್ತಿದರೆ ರಿಮೋಟ್ ಸಿದ್ಧ. ಅಲ್ಲಿಂದ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ವೈಫೈಗೆ ಸೇರಿಸಿ. ಸೇರಿದ ಕೂಡಲೇ ಆ್ಯಪ್ ಸಂಪರ್ಕ ಕಡಿದುಕೊಳ್ಳುತ್ತದೆ, ಗಾಬರಿ ಬೇಡ. ಮೊಬೈಲನ್ನೂ ಹೊಸ ವೈಫೈಗೆ ತಂದರೆ ಮತ್ತೆ ಸಿಗುತ್ತದೆ. ಹೊಸ ರೂಟರ್ ನಿಮ್ಮ ಕೈಯಲ್ಲೇ ಇದ್ದರೆ ಇನ್ನೂ ಸುಲಭ: ಅದಕ್ಕೇ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಇಟ್ಟುಬಿಡಿ.

ಮೂರನೆಯದು ಮೌಸ್. ಪೂರ್ಣ ಗಾತ್ರದ ಯುಎಸ್‌ಬಿ ಕಿಂಡಿ ಇರುವ ಶಿಯೋಮಿಯ ಮಿ ಬಾಕ್ಸ್ 4ಕೆಯಂಥ ಡಬ್ಬಿಗೆ ಕಂಪ್ಯೂಟರ್ ಮೌಸ್ ಚುಚ್ಚಿದರೆ ಪರದೆಯ ಮೇಲೆ ಬಾಣ ಓಡಾಡುತ್ತದೆ. ಹೊಸ ರಿಮೋಟ್ ಜೋಡಿಸುವ ತನಕ ಈ ಆಸರೆ ಸಾಕು, ನಿತ್ಯ ಬಳಕೆಗೆ ಅಲ್ಲ. ಸೋಫಾದ ಮೇಲೆ ಮೌಸ್ ಹಿಡಿದು ಕೂರುವುದು ಯಾರಿಗೂ ಶೋಭಿಸುವುದಿಲ್ಲ.

ಬೇರೆ ಡಬ್ಬಿಗಳು

ಆ್ಯಪಲ್ ಟಿವಿಯಲ್ಲಿ ಕಥೆ ಉಲ್ಟಾ. ಅಲ್ಲಿ ಹಳೆಯದಾದಷ್ಟೂ ರಿಮೋಟ್ ಹೊಂದಿಸುವುದು ಸುಲಭ. 2010 ಮತ್ತು 2012ರ ಕಪ್ಪು ಪುಟ್ಟ ಡಬ್ಬಿಗಳು ಐಆರ್ ಕೇಳುತ್ತವೆ. ಸಿಆರ್2032 ನಾಣ್ಯದ ಸೆಲ್ ಹಾಕುವ ಆ ತೆಳ್ಳನೆಯ ಅಲ್ಯೂಮಿನಿಯಂ ರಿಮೋಟ್ ಹಳೆಯದು ಸಿಕ್ಕರೂ ಸಾಕು. ಅದಕ್ಕೂ ಮಿಗಿಲಾಗಿ, ಮನೆಯಲ್ಲಿ ಬಿದ್ದಿರುವ ಯಾವುದಾದರೂ ಐಆರ್ ರಿಮೋಟನ್ನು ಈ ಡಬ್ಬಿಗಳಿಗೆ ‘ಕಲಿಸಬಹುದು’: ಸೆಟ್ಟಿಂಗ್ಸ್, ಜನರಲ್, ರಿಮೋಟ್ಸ್, ಲರ್ನ್ ರಿಮೋಟ್. ಕಲಿಸುವ ತನಕ ಐಫೋನನ್ನೇ ರಿಮೋಟ್ ಮಾಡಿಕೊಳ್ಳಿ. 2015ರಿಂದ ಈಚಿನ ಆ್ಯಪಲ್ ಟಿವಿಗಳದು ಬ್ಲೂಟೂತ್ ಸಿರಿ ರಿಮೋಟ್. ಮೊದಲಿನ ಗಾಜಿನ ತಲೆಯ ಸಿರಿ ರಿಮೋಟ್ ಒಡೆದವರು ಅದನ್ನೇ ಹುಡುಕುವುದು ಬೇಡ. 2021ರಲ್ಲಿ ಬಂದ ಅಲ್ಯೂಮಿನಿಯಂ ಮೈಯದು 2015ರ ಡಬ್ಬಿಗೂ ಆಗುತ್ತದೆ, ಬಳಸಲೂ ಸಲೀಸು. 2012ರದ್ದಕ್ಕೆ ಮಾತ್ರ ಆಗುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ರೋಕು ಎಂಬ ಕಂಪನಿಯ ಇಂಥದೇ ಸಾಧನಗಳು ಹೆಚ್ಚು. ಅಲ್ಲಿಯೂ ಇದೇ ಎರಡು ಕುಲ. ಅದರ ಎಕ್ಸ್‌ಪ್ರೆಸ್ ಡಬ್ಬಿಗೆ ಸರಳ ಐಆರ್ ರಿಮೋಟ್ ಸಾಕು, ಟಿವಿಯ ಹಿಂದೆ ಅಡಗುವ ಸ್ಟ್ರೀಮಿಂಗ್ ಸ್ಟಿಕ್‌ಗೆ ವೈಫೈ ಡೈರೆಕ್ಟ್‌ನದ್ದೇ ಬೇಕು. ಮೇಲಿನ ಹಾಟ್‌ಸ್ಪಾಟ್ ಉಪಾಯ ಅಲ್ಲಿಯೂ ಸಲ್ಲುತ್ತದೆ.

ಅಂದ ಹಾಗೆ, ಶಿಯೋಮಿಯ ಹಲವು ಮೊಬೈಲ್‌ಗಳ ನೆತ್ತಿಯಲ್ಲಿ ಐಆರ್ ದೀಪ ಇರುತ್ತದೆ. ಟಿವಿ, ಎಸಿ, ಹಳೆಯ ಆ್ಯಪಲ್ ಟಿವಿ ಎಲ್ಲವನ್ನೂ ಅದು ನಡೆಸಬಲ್ಲದು. ಫೈರ್ ಸ್ಟಿಕ್ಕನ್ನು ನಡೆಸಲಾರದು. ಕಾರಣ ಇಷ್ಟು ಹೊತ್ತಿಗೆ ನಿಮಗೇ ಗೊತ್ತು.

ಸ್ಟಿಕ್‌ಗೆ ಇನ್ನೆಷ್ಟು ಆಯುಸ್ಸು?

ರಿಮೋಟಿಗೆ ಎಷ್ಟು ಕೊಡಬಹುದು ಎಂಬುದನ್ನು ತೀರ್ಮಾನಿಸಬೇಕಾದದ್ದು ಸ್ಟಿಕ್‌ನ ಆಯುಸ್ಸು. ನೆಟ್‌ಫ್ಲಿಕ್ಸ್ 2024ರ ಜುಲೈ ಕೊನೆಗೆ 2010 ಮತ್ತು 2012ರ ಆ್ಯಪಲ್ ಟಿವಿಗಳನ್ನು ಕೈಬಿಟ್ಟಿತು, 2025ರ ಜೂನ್‌ನಲ್ಲಿ ಮೊದಲ ತಲೆಮಾರಿನ ಫೈರ್ ಟಿವಿಗಳನ್ನು. ಯೂಟ್ಯೂಬ್ ಆ್ಯಪ್ 2012ರ ಆ್ಯಪಲ್ ಟಿವಿಯಲ್ಲಿ 2021ರ ಮಾರ್ಚ್‌ನಲ್ಲೇ ನಿಂತಿತು. ಇಂಥ ಡಬ್ಬಿಗೆ ಹೊಸ ರಿಮೋಟ್ ಕೊಳ್ಳುವುದೆಂದರೆ ಬೀಳುವ ಮನೆಗೆ ಬಣ್ಣ ಬಳಿದ ಹಾಗೆ. ಪುಕ್ಕಟೆ ದಾರಿಯಲ್ಲಿ ನಡೆಯುವಷ್ಟು ದಿನ ನಡೆಯಲಿ, ನಂತರ ಹೊಸ ಸ್ಟಿಕ್ಕನ್ನೇ ತನ್ನಿ. ರಿಮೋಟ್ ಅದರ ಜೊತೆಗೇ ಬರುತ್ತದೆ.

2017ರ ಸ್ಟಿಕ್ ಅಂಚಿನಲ್ಲಿದೆ. 1 ಜಿಬಿ ರ‍್ಯಾಮ್, 8 ಜಿಬಿ ಸಂಗ್ರಹ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎದ್ದು ನೀರು ಕುಡಿದು ಬರಬಹುದು. ಇದಕ್ಕೆ ಕಂಪನಿಯ ರಿಮೋಟ್ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಎನ್ನುವವರ ಮಾತಿನಲ್ಲಿ ಹುರುಳಿದೆ. ನನ್ನ ಲೆಕ್ಕ ಹೀಗೆ: ರಿಮೋಟಿನ ಬೆಲೆ ಹೊಸ ಸ್ಟಿಕ್‌ನ ಬೆಲೆಯ ಅರ್ಧ ದಾಟಿದರೆ ಬೇಡ. ಹಬ್ಬದ ರಿಯಾಯಿತಿಯ ಹೊತ್ತಿನಲ್ಲಿ ಸ್ಟಿಕ್‌ನ ಬೆಲೆ ಇಳಿಯುವುದರಿಂದ ದಸರಾ, ದೀಪಾವಳಿ ಹತ್ತಿರವಿದ್ದರೆ ಅಲ್ಲಿಯ ತನಕ ಟಿವಿ ರಿಮೋಟಿನಲ್ಲೇ ದಿನ ದೂಡಿ. 2018ರ 4ಕೆ ಸ್ಟಿಕ್ ಆದರೆ, ಅದು ಬಿಡುಗಡೆಯಾದಾಗ 5,999 ರೂಪಾಯಿಯ ಗಟ್ಟಿ ಮಾಲು, ಈಗಲೂ ಚುರುಕಾಗಿದೆ. ಅದಕ್ಕೆ ಕಂಪನಿಯ ರಿಮೋಟ್ ಧಾರಾಳವಾಗಿ ಕೊಳ್ಳಿ. ಆ ರಿಮೋಟ್ ನಾಳೆ ಬೇರೆ ಸ್ಟಿಕ್‌ಗೂ ಒದಗಬಹುದು.

ಇನ್ನೊಂದು ಲೆಕ್ಕ ಬೆಲೆಯದಲ್ಲ, ಕೈಯದು. ವಯಸ್ಸಾದವರಿರುವ ಮನೆಗೆ ಆ್ಯಪ್‌ನ ದಾರಿ ಬೇಡವೇ ಬೇಡ. ನುಣುಪು ಗಾಜಿನ ಮೇಲೆ ಬೆರಳಾಡಿಸಿ ಟಿವಿ ನಡೆಸುವುದು, ನಡುವೆ ಫೋನ್ ಬಂದು ಎಲ್ಲ ಮಾಯವಾಗುವುದು, ಅವರಿಗೆ ಹಿಂಸೆ. ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುವ ಗುಂಡಿ ಅವರಿಗೆ ಬೇಕು. ನಕಲಿನ ಗುಂಡಿಗಳು ಆರು ತಿಂಗಳಿಗೆ ಬಿರುಸಾಗುವುದನ್ನು ನೋಡಿದ್ದೇನೆ, ಸೆಲ್ ಬೇಗ ತಿನ್ನುವುದನ್ನೂ. ಅವರಿಗಾಗಿ ಕೊಳ್ಳುವಾಗ ನನ್ನ ಮೇಲಿನ ಅರ್ಧದ ಸೂತ್ರವನ್ನು ನಾನೇ ಮುರಿದಿದ್ದೇನೆ.

ಹೌದು, ಕೊನೆಗೆ ಸಾಗರಕ್ಕೆ ಹೋದದ್ದು ಕಂಪನಿಯದೇ ರಿಮೋಟ್. ನಾನೇ ಹೋಗಿ ಜೋಡಿಸಿದೆ. ಸದ್ದಿನ ಗುಂಡಿ ಇರುವುದನ್ನು ಕಂಡು ಅಪ್ಪ ಖುಷಿಯಾದರು. ಅಮ್ಮ ಟಿವಿ ರಿಮೋಟನ್ನು ಬಿಟ್ಟುಕೊಡಲಿಲ್ಲ. ಈಗ ಇಬ್ಬರ ಕೈಯಲ್ಲೂ ಒಂದೊಂದಿದೆ, ಎರಡೂ ಅದೇ ಸ್ಟಿಕ್ಕನ್ನು ನಡೆಸುತ್ತವೆ, ರಾತ್ರಿ ಎಂಟರ ಹೊತ್ತಿಗೆ ಜಗಳ. ಮೊದಲು ಕೊಂಡ ಆ ನಕಲು ರಿಮೋಟ್ ಟಿವಿ ಆರಿಸಲು ಮಾತ್ರ ಬರುತ್ತದಲ್ಲ, ಅದು ಜಗಳ ಬಿಡಿಸಲು ಅಜ್ಜಿಯ ಹತ್ತಿರ ಇದೆ.